ಹಿಂಬಾಗಿಲ ಹಬ್ಬದಡುಗೆ

ಬೆಚೇಯ್
ನವೆಂಬರ್ 29

ಪ್ರೀತಿಯ, ಸದ್ಯಕ್ಕೆ ನನ್ನ ಮೇಲೆ ಮುನಿಸಿಕೊಂಡಿರುವ ಅತ್ತೆಯವರಿಗೆ,

ನೀವು ಫೋನ್ ಎತ್ತುತ್ತಿಲ್ಲ. ಎತ್ತುವವಳು ನಿಮ್ಮ ಮಗಳು ಲ್ಯುಬಿಂಕಾ. ‘ಅಮ್ಮ ಮಲಗಿದಾರೆ ಅತ್ತಿಗೆ’ ಅನ್ನುತ್ತಾಳೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ಮಲಗುವ ಹೆಂಗಸು ನೀವಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಹಿಂದಿನಿಂದ ನಿಮ್ಮ ಕೆಮ್ಮು ಬೇರೆ ಕೇಳಿಸುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅಂಚೆಯವನು ತಂದುಕೊಟ್ಟದ್ದನ್ನು ಓದದೆ ಇಡುವಷ್ಟು ಗಟ್ಟಿ ಮನಸ್ಸು ನಿಮಗಿಲ್ಲ, ಅದು ನನಗೆ ಗೊತ್ತು.

ಇಲ್ಲಿ ಎಲ್ಲ ಕ್ಷೇಮ. ನಿಮ್ಮ ಮಗ ಲಾರಿ ತೆಗೆದುಕೊಂಡು ಹೋದವರು ಶನಿವಾರ ಬರುತ್ತಾರೆ. ಕೋಳಿಗಳು ಮೊಟ್ಟೆ ಇಡುವುದನ್ನು ಕಡಿಮೆ ಮಾಡಿವೆ, ಕ್ರಿಸ್ಮಸ್ಸಿಗೆ ಮುಂಚಿನ ಉಪವಾಸ ಶುರುವಾಗಿರುವುದು ಅವಕ್ಕೂ ತಿಳಿದಿರಬೇಕು. ನದಿಯ ಕಡೆಯಿಂದ ಮಧ್ಯಾಹ್ನದವರೆಗೂ ಮಂಜು. ನೀವಿಲ್ಲದೆ ಮನೆ ಬಹಳ ಹಾಯಾಗಿದೆ ಎಂದು ಬರೆಯಬೇಕೆಂದುಕೊಂಡಿದ್ದೆ. ಬರೆದೂಬಿಟ್ಟೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಅಕ್ಟೋಬರಿನಲ್ಲಿ ನೀವು ಚೀಲ ಹಿಡಿದು ಹೊರಟಾಗ ಅಂಗಳದಲ್ಲಿ ನಿಂತು ಹೇಳಿದ್ದು ಇಡೀ ಬೀದಿಗೆ ಕೇಳಿಸಿತು. ‘ಸ್ಲಾವಾ ಮಾರೋ ಮನೇಲಿ ನಾನು ನೀರೂ ಮುಟ್ಟಲ್ಲ ಕಣೇ. ಮನೆ ಕಾಯೋ ಸಂತನ ಹಬ್ಬ ಅಂದ್ರೆ ಸಂತೇಲಿ ತೂಗೋ ಈರುಳ್ಳಿ ಅಂದ್ಕೊಂಡ್ಯಾ?’ ನಾನು ಬಾಯಿ ತೆರೆಯುವಷ್ಟರಲ್ಲಿ ನೀವು ಬಸ್ಸು ಹತ್ತಿಯಾಗಿತ್ತು. ಈಗ ಹೇಳುತ್ತೇನೆ ಕೇಳಿ. ನಾನು ಯಾರ ಸ್ಲಾವಾವನ್ನೂ ಮಾರುತ್ತಿಲ್ಲ. ಮೇಣದ ಬತ್ತಿ ಹಚ್ಚುವವನು ಆ ಮನೆಯ ಯಜಮಾನನೇ. ಪ್ರಾರ್ಥನೆ ಅವರದೇ, ಸಂತ ಅವರವನೇ, ಕರೆಯದೆ ಬಂದು ಕೂರುವ ನೆಂಟರೂ ಅವರವರೇ. ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದ ಹೆಂಗಸು ಐವತ್ತು ಜನರಿಗೆ ಸಾರ್ಮಾ ಸುತ್ತಲಾರಳು. ಹೂರಣವಿಟ್ಟು ಆ ಎಲೆಕೋಸು ಸುತ್ತುವ ಕೆಲಸ ಮಾತ್ರ ನನ್ನದು.

ನಾನು ಅಡುಗೆ ಮಾಡುತ್ತಿದ್ದ ಕ್ಯಾಂಟೀನು ಮುಚ್ಚಿದ ಮೇಲೆ ಉದ್ಯೋಗ ಕಚೇರಿಯ ತರಗತಿಗೆ ಹೋಗುತ್ತಿದ್ದುದು ನಿಮಗೆ ಗೊತ್ತಲ್ಲ. ಹೊಸ ಕಸುಬು ಶುರುಮಾಡುವವರಿಗೆ ಪಾಠ. ಪಾಠ ಹೇಳುವವನು ಓಗ್ನ್ಯೆನ್ ಅಂತ, ಎಳೆ ಹುಡುಗ, ಕತ್ತಿಗೆ ಸದಾ ಉಣ್ಣೆಯ ಪಟ್ಟಿ. ಮೊದಲ ದಿನವೇ ನಾನು ಪ್ರಚಾರದ ಕರಪತ್ರದ ಬಗ್ಗೆ ಕೇಳಿದೆ. ‘ಅಕ್ಕ, ಕೂಗೋಕ್ ಮುಂಚೆ ಸ್ವಲ್ಪ ಕಣ್ಣು ಬಿಟ್ಟು ಸುತ್ತ ನೋಡ್ಬೇಕು’ ಅಂದ. ಅದಕ್ಕೆ ಪರಿಸ್ಥಿತಿ ವಿಶ್ಲೇಷಣೆ ಎಂದು ದೊಡ್ಡ ಹೆಸರು. ಒಂದು ಹಾಳೆಯಲ್ಲಿ ಗೆರೆ ಎಳೆದು ನಾಲ್ಕು ಮನೆ ಮಾಡಬೇಕು. ನಮ್ಮೊಳಗಿನ ಬಲ ಒಂದರಲ್ಲಿ, ಕೊರತೆ ಇನ್ನೊಂದರಲ್ಲಿ. ಹೊರಗಿನಿಂದ ಒದಗಿ ಬರುವ ಅವಕಾಶಕ್ಕೆ ಒಂದು, ಅಪಾಯಕ್ಕೆ ಒಂದು. ಗಿರಾಕಿ ಯಾರು, ಅವರಿಗೆ ನಿಜವಾಗಿ ಏನು ಬೇಕು, ನಮಗೆ ಪೈಪೋಟಿ ಯಾರು ಎಂಬುದನ್ನೂ ಬರೆಯಬೇಕು. ಇಷ್ಟನ್ನೂ ಇದ್ದದ್ದು ಇದ್ದ ಹಾಗೆ ನೋಡಿದ ಮೇಲೆಯೇ ಪ್ರಚಾರದ ಮಾತು.

ಕೋಪ ಮಾಡಿಕೊಳ್ಳಬೇಡಿ, ಬಲದ ಮನೆಯಲ್ಲಿ ನಾನು ಮೊದಲು ಬರೆದದ್ದು ‘ಅತ್ತೆಯ ಕೈರುಚಿ’ ಎಂದು. ಓಗ್ನ್ಯೆನ್ ಅದನ್ನು ನೋಡಿ, ‘ಇವರು ನಿಮ್ ಜೊತೆ ಇದಾರಾ?’ ಎಂದು ಕೇಳಿದ. ಸದ್ಯಕ್ಕೆ ಇಲ್ಲ, ನೋವಿ ಸಾದ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ, ಬರುವುದು ಗೊತ್ತಿಲ್ಲ ಅಂದೆ. ಅವನು ರಬ್ಬರು ತೆಗೆದುಕೊಂಡು ನಿಮ್ಮನ್ನು ಅಳಿಸಿ, ಕೊರತೆಯ ಮನೆಯಲ್ಲಿ ಬರೆದ. ಅವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಮುಂದಿನ ಅರ್ಧ ಗಂಟೆ ಅವನು ಹೇಳಿದ್ದೇನೂ ನನ್ನ ತಲೆಗೆ ಹೋಗಲಿಲ್ಲ.

ಮೊದಲ ಸಲ ನಾನು ಹಾಳೆ ತುಂಬಿದ್ದು ಇದ್ದ ಹಾಗೆ ಅಲ್ಲ, ನನಗೆ ಬೇಕಾದ ಹಾಗೆ. ಪೈಪೋಟಿ ಅನ್ನುವಲ್ಲಿ ನದಿದಂಡೆಯ ಹೋಟೆಲಿನ ಹೆಸರು ಬರೆದೆ. ನಮ್ಮದು ಅವರಿಗಿಂತ ರುಚಿ, ಅವರಿಗಿಂತ ಅಗ್ಗ, ಇನ್ನೇನು ಬೇಕು ಅಂದುಕೊಂಡೆ. ಗುಲಾಬಿ ಬಣ್ಣದ ಕರಪತ್ರ ಹಾಕಿಸಿದೆ. ‘ಸ್ಲಾವಾ ನಿಮ್ಮದು, ಅಡುಗೆ ನಮ್ಮದು’ ಎಂದು ದಪ್ಪ ಅಕ್ಷರ, ಕೆಳಗೆ ನನ್ನ ಹೆಸರು. ಮಾರುಕಟ್ಟೆಯಲ್ಲಿ ಹಂಚಿದೆ. ಹೆಂಗಸರು ಅದನ್ನು ಕೈಯಲ್ಲಿ ಹಿಡಿದು ಓದುವುದಕ್ಕೂ ಹೆದರಿದರು. ಒಬ್ಬಳಂತೂ ಅದರಲ್ಲಿ ಮೀನು ಸುತ್ತಿಸಿಕೊಂಡು ಹೋದಳು. ಎರಡು ವಾರ ಕಳೆದರೂ ಒಂದು ಫೋನ್ ಇಲ್ಲ. ‘ಗಿರಾಕೀನ ಬಾಯಿ ಬಿಟ್ಟು ಕೇಳಿ ಅಕ್ಕ’ ಅಂದ ಓಗ್ನ್ಯೆನ್. ಸಂತೆಯಲ್ಲಿ ನಿಂತು ಸಿಕ್ಕಸಿಕ್ಕವರನ್ನು ಕೇಳಿದೆ. ಎಲ್ಲರದ್ದೂ ಒಂದೇ ರಾಗ. ‘ಅಯ್ಯೋ, ನಮ್ಮನೇಲೆಲ್ಲಾ ನಾನೇ ಮಾಡೋದಪ್ಪ, ಹೊರಗಿಂದ ತರ್ಸೋದಾ?’ ಅನ್ನುವುದು, ಚೀಲ ಎತ್ತಿಕೊಂಡು ನಾಲ್ಕು ಹೆಜ್ಜೆ ಹೋಗುವುದು, ಮತ್ತೆ ಹಿಂದಿರುಗಿ ಬರುವುದು. ‘ಅಲ್ಲಾ, ನನ್ನ ಗೆಳತಿ ಒಬ್ಳಿಗೆ ಬೇಕಾಗಿತ್ತು. ಎಷ್ಟಾಗತ್ತೆ?’

ಇದನ್ನು ಪಕ್ಕದ ಹಂಗೇರಿಯವರ ಮನೆಯ ಪಿರೋಷ್ಕಾಗೆ ಹೇಳಿದೆ. ಅವಳು ಬೇಲಿ ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ‘ನಿಮ್ಮ ಸರ್ಬಿಯನ್ನರಲ್ಲಿ ಎಷ್ಟೊಂದು ಜನಕ್ಕೆ ಸೋಮಾರಿ ಗೆಳತಿಯರು ಇದಾರಲ್ಲೇ!’ ಅಂದಳು.

ಅವಳು ನಗುತ್ತಿದ್ದ ಹಾಗೆ ನನ್ನ ತಲೆಗೆ ಹೊಳೆಯಿತು. ಮನೆಗೆ ಬಂದು ಹಾಳೆ ಹರಿದು ಹೊಸದು ಮಾಡಿದೆ. ಪೈಪೋಟಿ ಹೋಟೆಲಿನದಲ್ಲವೇ ಅಲ್ಲ, ನೆರೆಮನೆಯ ಕಣ್ಣಿನದು. ಗಿರಾಕಿಗೆ ಅಡುಗೆ ಬೇಕು ನಿಜ, ಆದರೆ ಅದಕ್ಕಿಂತ ಹೆಚ್ಚಾಗಿ ಬೇಕಾದದ್ದು ಮಾನ. ಅಡುಗೆ ತಾನೇ ಮಾಡಿದ್ದು ಎಂದು ಊರು ನಂಬಬೇಕು. ಹಾಗಿದ್ದ ಮೇಲೆ ಕರಪತ್ರ ಹಂಚುವ ಸೇವೆಯೇ ಅಲ್ಲ ಇದು! ನಮ್ಮ ಪ್ರಚಾರ ಎಷ್ಟು ಕಡಿಮೆ ಕಂಡರೆ ಅಷ್ಟು ಒಳ್ಳೆಯದು. ಬೋರ್ಡಿಲ್ಲ, ಹೆಸರಿಲ್ಲ. ಗಿರಾಕಿಗಳು ತಮ್ಮದೇ ಪಾತ್ರೆ ತಂದುಕೊಡುತ್ತಾರೆ. ಸ್ಲಾವಾಕ್ಕೆ ಮುಂಚೆ ಮನೆಯಿಂದ ಮನೆಗೆ ದೊಡ್ಡ ಪಾತ್ರೆಗಳು ಎರವಲು ಓಡಾಡುವುದು ಈ ಊರಿನಲ್ಲಿ ಮಾಮೂಲು, ಯಾರೂ ತಿರುಗಿಯೂ ನೋಡುವುದಿಲ್ಲ. ಬೆಳಗಾಗುವ ಮುಂಚೆ ಅವರ ತೋಟದ ಬಾಗಿಲಿನಿಂದ ನಾನು ತುಂಬಿದ ಪಾತ್ರೆ ಒಳಗಿಟ್ಟು ಬರುತ್ತೇನೆ. ಸುದ್ದಿ ಹರಡುವ ಕೆಲಸ ಕೂದಲಿಗೆ ಬಣ್ಣ ಹಾಕುವ ಅಂಗಡಿಯವಳದು. ತಲೆಗೆ ಟವೆಲು ಸುತ್ತಿಕೊಂಡು ಕೂತ ಹೆಂಗಸು ಗಂಡನಿಗೂ ಹೇಳದ್ದನ್ನು ಅವಳಿಗೆ ಹೇಳುತ್ತಾಳೆ. ಅಯ್ಯೋ ಈ ಸಲ ಸ್ಲಾವಾ ಹೇಗೆ ಮಾಡ್ಲೋ ಎಂದು ಯಾರಾದರೂ ನಿಟ್ಟುಸಿರು ಬಿಟ್ಟರೆ ಸಾಕು, ಅವಳು ಕಿವಿಯಲ್ಲಿ ನನ್ನ ನಂಬರು ಹೇಳುತ್ತಾಳೆ.

ಮೊದಲು ಒಬ್ಬರು, ಆಮೇಲೆ ಇನ್ನಿಬ್ಬರು ಬಂದರು. ದೇವದೂತ ಮಿಹೈಲನ ಹಬ್ಬಕ್ಕೆ ಮೂರು ಮನೆಗೆ ಅಡುಗೆ ಕೊಟ್ಟೆ. ಹೆಸರು ಕೇಳಬೇಡಿ, ಹೇಳುವುದಿಲ್ಲ, ನನ್ನ ಬಾಯಿಗೆ ಬೀಗ. ಆದರೆ ಇದೊಂದನ್ನು ಹೇಳದಿದ್ದರೆ ಹೊಟ್ಟೆ ಒಡೆದು ಹೋಗುತ್ತದೆ. ಆ ಮೂರರಲ್ಲಿ ಒಂದು ಮನೆಗೆ ನಾವು ವರ್ಷವೂ ನೆಂಟರಾಗಿ ಹೋಗುವವರೇ. ಹೋಗದಿದ್ದರೆ ಅನುಮಾನ ಬರುತ್ತದೆ, ಹೋದೆ. ನಾನೇ ಸುತ್ತಿದ ಸಾರ್ಮಾ ನನ್ನ ತಟ್ಟೆಗೆ ಬಂತು. ಆಕೆ ನನ್ನ ಕಣ್ಣಲ್ಲಿ ಕಣ್ಣಿಟ್ಟು, ‘ಇನ್ನೆರಡು ಹಾಕ್ಕೊಳ್ಳಿ, ಸಂಕೋಚ ಬೇಡ, ಬೆಳಗ್ಗೆಯಿಂದ ಬೆನ್ನು ಬಗ್ಗಿಸಿ ನಾನೇ ಸುತ್ತಿದ್ದು’ ಅಂದಳು. ನಾನು ತಿಂದೆ. ತಿಂದು, ಬಹಳ ಚೆನ್ನಾಗಿದೆ, ಹೇಗೆ ಮಾಡಿದಿರಿ ಎಂದು ಕೇಳಿದೆ. ಆಕೆ ಒಂದು ಕ್ಷಣವೂ ಅಳುಕದೆ ಹೇಳಿಕೊಟ್ಟಳು, ಅದೂ ತಪ್ಪು ತಪ್ಪಾಗಿ. ನಿಮ್ಮ ಮಗ ಕುಡಿದ ರಾಕಿಯಾ ನೆತ್ತಿಗೇರಿದವರಂತೆ ಕೆಮ್ಮುತ್ತ ಹೊರಗೆ ಎದ್ದು ಹೋದರು.

ಇಷ್ಟು ಸುಖದಲ್ಲಿದ್ದಾಗಲೇ ನಾನು ಎಡವಿದ್ದು. ಡಿಸೆಂಬರ್ ಹತ್ತೊಂಬತ್ತರ ಸಂತ ನಿಕೋಲನ ಹಬ್ಬಕ್ಕೆ ಹನ್ನೊಂದು ಮನೆಯವರು ಅಡುಗೆಗೆ ಹೇಳಿದ್ದಾರೆ. ಈ ಊರಿನ ಅರ್ಧ ಜನರ ಸಂತ ಅವನೇ, ಉಳಿದರ್ಧ ಆ ದಿನ ಅವರ ಮನೆಗೆ ನೆಂಟರು. ಅವಕಾಶದ ಮನೆಯಲ್ಲಿ ಅದನ್ನೇ ಬರೆದಿದ್ದೆ, ಓಗ್ನ್ಯೆನ್ ಅದಕ್ಕೆ ಕೆಂಪು ಸುತ್ತು ಹಾಕಿ ಭೇಷ್ ಅಂದಿದ್ದ. ಹನ್ನೊಂದು ಆರ್ಡರನ್ನೂ ಒಪ್ಪಿಕೊಂಡ ಮೇಲೆ ನನ್ನ ಜೊತೆ ಕೆಲಸ ಮಾಡುವ ಇಬ್ಬರು ಹೆಂಗಸರಿಗೆ ಹತ್ತೊಂಬತ್ತಕ್ಕೆ ಬೇಗ ಬನ್ನಿ ಎಂದು ಹೇಳಿದೆ. ಇಬ್ಬರೂ ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದರು. ‘ಅವತ್ತು ನಮ್ಮನೇಲೇ ಸ್ಲಾವಾ ಅಲ್ವೇನ್ರೀ!’ ಆಗ ನೆನಪಾಯಿತು, ನಮ್ಮ ಮನೆಯಲ್ಲೂ ಅವತ್ತೇ. ತಲೆಯ ಮೇಲೆ ಕೈ ಹೊತ್ತು ಓಗ್ನ್ಯೆನ್ ಹತ್ತಿರ ಓಡಿದೆ. ಅವನು ಹಾಳೆ ನೋಡಿದ, ನನ್ನನ್ನು ನೋಡಿದ, ಕತ್ತಿನ ಪಟ್ಟಿ ಸಡಿಲ ಮಾಡಿಕೊಂಡ. ‘ಅಯ್ಯೋ, ನಮ್ಮನೇಲೂ ಅವತ್ತೇ ಅಕ್ಕ. ನಂಗೂ ಹೊಳೀಲೇ ಇಲ್ಲ’ ಅಂದ. ಅದೇ ರಬ್ಬರಿನಿಂದ ಅವಕಾಶವನ್ನು ಅಳಿಸಿ ಅಪಾಯದ ಮನೆಗೆ ಹಾಕಿದೆವು.

ಈ ಕಾಗದದಲ್ಲಿ ನಿಮಗೆ ಸಿಟ್ಟು ಬರುವ ಭಾಗ ಇಲ್ಲಿಂದ ಶುರು. ಈ ಊರಿನಲ್ಲಿ ಹತ್ತೊಂಬತ್ತರಂದು ಕೈ ಖಾಲಿ ಇರುವವರು ಯಾರು? ಹಂಗೇರಿಯವರು. ಅವರ ನಿಕೋಲ, ಮಿಕುಲಾಶ್, ಆರನೇ ತಾರೀಖೇ ಬಂದು ಹೋಗುತ್ತಾನೆ, ಅವರ ಕ್ರಿಸ್ಮಸ್ಸಿಗೆ ಇನ್ನೂ ದಿನ ಇರುತ್ತದೆ. ಪಿರೋಷ್ಕಾ ಮತ್ತು ಅವಳ ತಂಗಿಯರು ಒಪ್ಪಿಕೊಂಡಿದ್ದಾರೆ. ಅದಕ್ಕೆ ಬದಲಾಗಿ ಅವರ ಕ್ರಿಸ್ಮಸ್ಸಿನ ಹಿಂದಿನ ದಿನ ನಾವು ಹೋಗಿ ಅವರಿಗೆ ಗಸಗಸೆಯ ಸುರುಳಿ ರೊಟ್ಟಿ ಮಾಡಿಕೊಡುವುದು. ನಿಕೋಲನ ಹಬ್ಬ ಬರುವುದು ಉಪವಾಸದ ದಿನಗಳಲ್ಲಿ, ಅದಕ್ಕೇ ಅವರಿಗೆ ಉಪವಾಸದ ಅಡುಗೆಯ ಪಾಠ ಶುರುವಾಗಿದೆ. ಮಾಂಸವಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ, ಮೀನು ಮಾತ್ರ ಎಂದೆ. ಪಿರೋಷ್ಕಾ ಸೌಟು ಕೆಳಗಿಟ್ಟಳು. ‘ಒಂದೇ ಒಂದು ಚಮಚ ಹಂದಿ ಕೊಬ್ಬು? ನಿಮ್ಮ ನಿಕೋಲ ಅಷ್ಟು ಸೂಕ್ಷ್ಮವಾಗಿ ನೋಡ್ತಾನಾ?’ ಅವನು ನೋಡದಿದ್ದರೂ ನಮ್ಮ ಅತ್ತೆ ನೋಡುತ್ತಾರೆ ಅಂದೆ. ಆಮೇಲೆ ಕೊಬ್ಬಿನ ಮಾತು ಎತ್ತಲಿಲ್ಲ. ಬೀನ್ಸ್ ಒಲೆಯಲ್ಲಿ ಬೇಯಿಸುವುದರಲ್ಲಿ ಅವಳ ಕೈ ನನಗಿಂತ ಚೆನ್ನ ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಮನಸ್ಸು ತುಂಬಿಕೊಂಡಿದೆ ಅತ್ತೆ. ಕ್ಯಾಂಟೀನಿನಲ್ಲಿ ಅಷ್ಟು ವರ್ಷ ಬೇಯಿಸಿದ್ದಕ್ಕೆ ಯಾರೂ ಇದು ನೆವೆಂಕಾ ಮಾಡಿದ್ದು ಅನ್ನಲಿಲ್ಲ. ಈಗಲೂ ಅನ್ನುವುದಿಲ್ಲ, ನನ್ನ ಕಸುಬೇ ಅಂಥದು. ಆದರೂ ಬೆಳಿಗ್ಗೆ ಎದ್ದರೆ ಹಾಡು ಗುನುಗುವ ಹಾಗಾಗುತ್ತದೆ. ಈ ಕೆಲಸ ಬಿಡುತ್ತೇನೆ, ನೀವು ಬನ್ನಿ ಎಂದು ಮಾತ್ರ ನಾನು ಬರೆಯುವುದಿಲ್ಲ. ನೀವು ಬನ್ನಿ ಎಂದಷ್ಟೇ ಬರೆಯುತ್ತೇನೆ. ನಿಕೋಲನ ದಿನ ನೀವಿಲ್ಲದೆ ನಿಮ್ಮ ಮಗ ಬತ್ತಿ ಹಚ್ಚಿದರೆ ಬಂದವರೆಲ್ಲ ಮೊದಲು ಕೇಳುವುದು ನಿಮ್ಮನ್ನೇ. ನಾನು ಏನು ಹೇಳಲಿ?

ನಿಮ್ಮ ಮನೆಯಲ್ಲೇ ಇರುವ, ನಿಮ್ಮ ಜಗಳಗಂಟಿ ಸೊಸೆ,
ನೆವೆಂಕಾ

ತಾ.ಕ. ಕೊರತೆಯ ಮನೆಯಲ್ಲಿ ನಿಮ್ಮ ಹೆಸರಿನ ಪಕ್ಕದಲ್ಲಿ ಇನ್ನೊಂದು ಪದ ಇದೆ, ಮೇಲೆ ಬರೆಯಲು ಬಿಗುಮಾನ ಬಿಡಲಿಲ್ಲ. ಕೋಲಾಚ್. ಎಲ್ಲ ಗಿರಾಕಿಗಳೂ ಮೊದಲು ಕೇಳುವುದು ಹಬ್ಬದ ಆ ರೊಟ್ಟಿಯನ್ನೇ, ನಾವು ಅದನ್ನು ಮಾಡುವುದಿಲ್ಲ ಅನ್ನುತ್ತೇನೆ. ಮಾಡಲು ಬರುವುದಿಲ್ಲ ಎಂಬುದು ನಿಜ. ನಮ್ಮ ಮನೆಗೆಂದು ಮಾಡಿ ನೋಡಿದೆ. ಒಂದು ಇಟ್ಟಿಗೆಯಾಯಿತು. ಇನ್ನೊಂದು ಉಬ್ಬಿತು, ಆದರೆ ಅದರ ಮೇಲಿನ ಹಿಟ್ಟಿನ ಹಕ್ಕಿಗಳನ್ನು ನೋಡಿ ನಿಮ್ಮ ಮಗ ಇವೇನು ಆಲೂಗೆಡ್ಡೆಯಾ ಎಂದು ಕೇಳಿದರು. ಅವತ್ತು ನಾನು ಅತ್ತುಬಿಟ್ಟೆ. ಹನ್ನೊಂದು ಮನೆಯ ಮೇಜು ತುಂಬಿಸಿ ನಮ್ಮ ಮೇಜಿನ ಮೇಲೆ ಏನಿಡಲಿ? ಇದು ವ್ಯಾಪಾರದ ಮಾತಲ್ಲ.

* * *

ನೋವಿ ಸಾದ್
ಡಿಸೆಂಬರ್ 8

ನೆವೆಂಕಾ,

ನಿನ್ನ ಕಾಗದ ಬಂತು. ಕನ್ನಡಕದ ಕಾಲು ಮುರಿದಿರುವುದರಿಂದ ನಾನು ಹೇಳುತ್ತಿದ್ದೇನೆ, ಲ್ಯುಬಿಂಕಾ ಬರೆಯುತ್ತಿದ್ದಾಳೆ. ನಾನು ಹೇಳಿದ್ದನ್ನು ಹೇಳಿದ ಹಾಗೆ ಬರೆ, ಸಕ್ಕರೆ ಹಾಕಬೇಡ ಎಂದು ಅವಳಿಗೆ ತಾಕೀತು ಮಾಡಿದ್ದೇನೆ. (ಅತ್ತಿಗೆ, ಇನ್ನು ಮುಂದಿರುವುದೆಲ್ಲ ಅಮ್ಮನದು, ನನ್ನನ್ನು ಬೈಯಬೇಡಿ. ಲ್ಯು.)

ನಾನು ಹಗಲು ಮಲಗುವುದಿಲ್ಲ. ಫೋನಿನಲ್ಲಿ ನಿನ್ನ ಜೊತೆ ಮಾತಾಡಿದರೆ ನೀನು ಗೆಲ್ಲುತ್ತೀಯ, ಅದಕ್ಕೇ ಎತ್ತಲಿಲ್ಲ. ನೀನು ಹಿಟ್ಟಿನಲ್ಲಿ ಕೈಯಿಟ್ಟುಕೊಂಡೇ ಜಗಳ ಗೆಲ್ಲುವವಳು, ಮದುವೆಯಾಗಿ ಬಂದ ವಾರದಲ್ಲೇ ನನಗದು ಗೊತ್ತಾಗಿತ್ತು.

ಬೇರೆಯವರ ಮನೆಯಲ್ಲಿ ನಿನ್ನದೇ ಸಾರ್ಮಾ ತಿಂದು ಹೇಗೆ ಮಾಡಿದಿರಿ ಎಂದು ಕೇಳಿದೆಯಲ್ಲ, ನಾಚಿಕೆಯಾಗಬೇಕು ನಿನಗೆ. (ಅಮ್ಮ ಇದನ್ನು ಹೇಳುವಾಗ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಾರೆ. ಲ್ಯು.) ಅದು ಯಾರ ಮನೆ ಎಂದು ನನಗೆ ಗೊತ್ತು. ನೀನು ಹೇಳದಿದ್ದದ್ದು ಸರಿ. ಆದರೆ ಆ ಹೆಂಗಸಿನ ಕೈಯ ಎಲೆಕೋಸು ಯಾವತ್ತೂ ಬಿಚ್ಚಿಕೊಳ್ಳದೆ ಮೇಜಿಗೆ ಬಂದದ್ದಿಲ್ಲ.

ಪೈಪೋಟಿ ನೆರೆಮನೆಯ ಕಣ್ಣಿನದು ಎಂದು ಬರೆದೆ. ಆ ಕಣ್ಣು ನನ್ನದೇ ಕಣೇ. ಐವತ್ತು ವರ್ಷ ಯಾರ ಮನೆಗೆ ಹೋದರೂ ಮೊದಲು ಸಂತನ ಪಟಕ್ಕೆ ನಮಸ್ಕಾರ ಮಾಡಿದೆ, ಆಮೇಲೆ ಯಾರ ಸಾರ್ಮಾ ಸಡಿಲ, ಯಾರ ಸಾರು ನೀರು ಎಂದು ನೋಡಿ ಮೂಗು ಮುರಿದೆ. ನಿನ್ನ ಉಣ್ಣೆಪಟ್ಟಿಯ ಮಾಸ್ತರನಿಗೆ ಹೇಳು, ಅಪಾಯದ ಮನೆಯಲ್ಲೂ ನನ್ನ ಹೆಸರು ಬರೆದುಕೊಳ್ಳಲಿ. ಬಲದಿಂದ ಕೊರತೆಗೆ ಹಾಕಿದ್ದಾನೆ, ಅಲ್ಲಿಂದ ಇಲ್ಲಿಗೂ ಓಡಾಡಿಸಲಿ, ನನಗೆ ಮನೆ ಬದಲಾಯಿಸುವುದು ಅಭ್ಯಾಸವಾಗಿದೆ.

ಪಿರೋಷ್ಕಾ ವಿಷಯ. ಅವಳ ಅಮ್ಮ ಒಳ್ಳೆಯ ಹೆಂಗಸು, ಯುದ್ಧದ ಕಾಲದಲ್ಲಿ ನಮಗೆ ಹಿಟ್ಟು ಕೊಟ್ಟವಳು. ಇವಳ ಕೈಯೂ ಕೆಟ್ಟದ್ದಲ್ಲ. ಆದರೆ ಕೊಬ್ಬಿನ ಡಬ್ಬ ಅವಳ ಮನೆಯಲ್ಲೇ ಬೀಗ ಹಾಕಿ ಇಟ್ಟು ಬರಲಿ. ಮೀನಿನ ಸಾರಿಗೆ ಕೆಂಪುಮೆಣಸಿನ ಪುಡಿ ಹಾಕುವಾಗ ನೀನು ಪಕ್ಕದಲ್ಲಿರು, ಹಂಗೇರಿಯವರ ಕೈಗೆ ಡಬ್ಬ ಕೊಟ್ಟರೆ ಸಾರು ಉರಿಯುತ್ತದೆ.

ಬರುವ ವಿಷಯ ನೋಡೋಣ. ಬಸ್ಸಿನಲ್ಲಿ ಜನ ಜಾಸ್ತಿ, ಮಂಡಿ ನೋವು. ಇಲ್ಲಿ ಬಿಸಿನೀರು ಚೆನ್ನಾಗಿ ಬರುತ್ತದೆ. ಕೋಲಾಚ್ ಮಾರುವ ಮಾತನ್ನು ನನ್ನ ಮುಂದೆ ಆಡಬೇಡ. ಅದು ಪ್ರತಿ ಮನೆಯ ಯಜಮಾನಿಯ ಕೈಯಿಂದಲೇ ಆಗಬೇಕು.

ತಿಹೊಮಿರ್‌ಗೆ ಲಾರಿ ಓಡಿಸುವಾಗ ಉಣ್ಣೆಯ ಕಾಲುಚೀಲ ಹಾಕಿಕೊಳ್ಳಲು ಹೇಳು.

ನಿನ್ನ ಅತ್ತೆ,
ಸ್ಮಿಲ್ಯಾ

ತಾ.ಕ. ಲ್ಯುಬಿಂಕಾ ಲಕೋಟೆ ತರಲು ಕೆಳಗಿನ ಅಂಗಡಿಗೆ ಹೋಗಿದ್ದಾಳೆ. ಇದು ನನ್ನದೇ ಬರಹ. ಓದಲು ಕಷ್ಟವಾದರೆ ನಿಧಾನವಾಗಿ ಓದು, ಬರೆಯಲು ನನಗೂ ಕಷ್ಟವಾಗುತ್ತಿದೆ.

ಕನ್ನಡಕಕ್ಕೆ ಏನೂ ಆಗಿಲ್ಲ. ಕೈ ನಡುಗುತ್ತದೆ ನೆವೆಂಕಾ. ಬೇಸಿಗೆಯಿಂದಲೂ ಹೀಗೆ. ವೈದ್ಯರು ಮಾತ್ರೆ ಕೊಟ್ಟಿದ್ದಾರೆ, ಇದರಿಂದ ಸಾಯುವುದಿಲ್ಲ ಎಂದೂ ಹೇಳಿದ್ದಾರೆ. ಹಿಟ್ಟು ಹೇಗೋ ನಾದಿಯೇನು. ಕೋಲಾಚ್ ಮೇಲಿನ ಹಕ್ಕಿ ಮಾಡಲಾರೆ, ಹಿಟ್ಟಿನ ತೆನೆ ಹೆಣೆಯಲಾರೆ. ಇಲ್ಲಿ ಬಾಗಿಲು ಹಾಕಿಕೊಂಡು ಮಾಡಿ ನೋಡಿದೆ, ನನ್ನ ಹಕ್ಕಿಗಳೂ ನಿನ್ನ ಆಲೂಗೆಡ್ಡೆಯ ಜಾತಿಗೇ ಸೇರಿದವು. ಈ ವರ್ಷ ಆ ಮೇಜಿನ ಮುಂದೆ ಹೇಗೆ ನಿಲ್ಲಲಿ ಎಂದು ಹೆದರಿಕೆಯಾಯಿತು. ಮನೆ ಬಿಡಲು ನೆಪ ಬೇಕಿತ್ತು, ನಿನ್ನ ವ್ಯಾಪಾರ ಸಿಕ್ಕಿತು, ಅಂಗಳದಲ್ಲಿ ನಿಂತು ಕೂಗಾಡಿದೆ. ನಿನ್ನ ಹಾಳೆಯಲ್ಲಿ ಊರಿನ ಹೆಂಗಸರನ್ನೆಲ್ಲ ಬರೆದೆ, ಮನೆಯೊಳಗೇ ಒಬ್ಬ ಗಿರಾಕಿ ಇದ್ದದ್ದು ನಿನಗೆ ಕಾಣಲಿಲ್ಲ.

ಹದಿನೇಳಕ್ಕೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಒಂದು ಕೋಲಾಚ್ ಬೇಕು. ಅಡುಗೆಮನೆಯ ಬಾಗಿಲು ಹಾಕು. ನಾನು ಕುರ್ಚಿಯಲ್ಲಿ ಕೂತು ಹೇಳುತ್ತೇನೆ, ನೀನು ಮಾಡು. ಹಕ್ಕಿಯ ಕೊಕ್ಕು ಸರಿಯಾಗುವ ತನಕ ಏಳಲು ಬಿಡುವುದಿಲ್ಲ. ತಿಹೊಮಿರ್‌ಗೆ ಹೇಳಬೇಡ, ಪಿರೋಷ್ಕಾಗಂತೂ ಮೊದಲೇ ಬೇಡ. ಈ ವರ್ಷ ಎಲ್ಲರೂ ಅದನ್ನು ನನ್ನದೆಂದೇ ತಿನ್ನಲಿ. ಬರುವ ವರ್ಷ, ಬತ್ತಿ ಹಚ್ಚಿದ ಮೇಲೆ, ಎಲ್ಲರೆದುರು ನಾನೇ ಎದ್ದು ನಿಂತು ಹೇಳುತ್ತೇನೆ, ಇದು ನಮ್ಮ ನೆವೆಂಕಾ ಕೈಯದು ಎಂದು.